ಮರವಿಲ್ಲದ ಕಡೆ ಜೋಲಿ ಹಾಸುವ ಬಗೆ

ಸ್ವೀಡನ್ನಿಗೆ ಓದಲು ಬಂದ ನಮ್ಮಂಥವರು ಮೊದಲ ಬೇಸಿಗೆಯಲ್ಲೇ ಕೊಂಡುಬಿಡುವ ಸಾಮಾನುಗಳಲ್ಲಿ ಹ್ಯಾಮಕ್ ಒಂದು. ನಮ್ಮೂರ ಕಡೆ ಮಗುವಿಗೆ ಹಳೇ ಸೀರೆಯಲ್ಲಿ ಕಟ್ಟುವ ಜೋಲಿಯೇ ಇದು, ದೊಡ್ಡವರ ಅಳತೆಯದು, ನೈಲಾನಿನದು. ಟೆಂಟಿಗಿಂತ ಅಗ್ಗ. ಮಡಚಿದರೆ ಒಂದು ತೆಂಗಿನಕಾಯಿಯಷ್ಟು. ಎರಡು ಮರಕ್ಕೆ ಅಗಲವಾದ ಪಟ್ಟಿ ಸುತ್ತಿ ಕೊಂಡಿ ಸಿಕ್ಕಿಸಿದರೆ ಹಾಸಿಗೆ ಸಿದ್ಧ. ಈ ದೇಶದ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಕಾಡೇ ಇರುವಾಗ ಮರಕ್ಕೇನು ಬರ ಅನ್ನುವುದು ನಮ್ಮ ಲೆಕ್ಕ. ಆ ಲೆಕ್ಕ ತಪ್ಪಿದ ಒಂದು ರಾತ್ರಿಯನ್ನೂ ಆಮೇಲೆ ಕೂತು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಈ ಬೇಸಿಗೆಯಲ್ಲಿ ಉತ್ತರದ ಬೆಟ್ಟಗಳಿಗೆ ಹೊರಟವರು ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ವರು. ಆಗಸ್ಟ್ ಕೊನೆ. ಸ್ಟಾಕ್‌ಹೋಮಿನಿಂದ ರಾತ್ರಿ ರೈಲು ಹಿಡಿದು, ಕಿರುನಾ ದಾಟಿ ಅಬಿಸ್ಕೋದಲ್ಲಿ ಇಳಿದೆವು. ಅಲ್ಲಿಂದ ಶುರುವಾಗುವುದು ಕುಂಗ್ಸ್‌ಲೇಡೆನ್, ಅಂದರೆ ರಾಜನ ದಾರಿ; ದಕ್ಷಿಣದ ಹೇಮಾವನ್‌ವರೆಗೆ ಸುಮಾರು 440 ಕಿ.ಮೀ. ನಮ್ಮ ಗುರಿ ಅದರ ಉತ್ತರದ ತುದಿ ಮಾತ್ರ: ಅಬಿಸ್ಕೋದಿಂದ ಕೆಬ್ನೆಕೈಸೆ ಬುಡ ಬಳಸಿ ನಿಕ್ಕಲುಓಕ್ತಾ. ನೂರು ಕಿ.ಮೀ.ಗೆ ತುಸು ಹೆಚ್ಚು, ವಾರದ ನಡಿಗೆ. ಇಬ್ಬರ ಹತ್ತಿರ ಸೇರಿ ಒಂದು ಟೆಂಟು, ಇನ್ನಿಬ್ಬರ ಹತ್ತಿರ ಒಂದೊಂದು ಹ್ಯಾಮಕ್. ದಾರಿಯ ಗುಡಿಸಲುಗಳಲ್ಲಿ ದುಡ್ಡು ಕೊಟ್ಟು ಮಲಗಬಹುದು, ಆದರೆ ವಿದ್ಯಾರ್ಥಿಗಳ ಜೇಬಿಗೆ ದಿನಾ ಅದು ಆಗುವ ಮಾತಲ್ಲ.

ಅಬಿಸ್ಕೋ 1909ರಲ್ಲೇ ರಾಷ್ಟ್ರೀಯ ಉದ್ಯಾನವಾದ ಜಾಗ. ಅದರೊಳಗೆ ಗೊತ್ತುಮಾಡಿದ ಕಡೆ ಮಾತ್ರ ಬಿಡಾರ ಹೂಡಬಹುದು. ಹಾಗಾಗಿ ಮೊದಲ ರಾತ್ರಿ ಅಬಿಸ್ಕೋಯೌರೆ ಗುಡಿಸಲಿನ ಮಂಚದ ಮೇಲೆ ಮಲಗಿದೆವು. ದಾರಿಯುದ್ದಕ್ಕೂ ಬೆಟ್ಟದ ಬರ್ಚ್ ಮರಗಳು: ಸೊಟ್ಟ ಕಾಂಡ, ನಮ್ಮ ತೋಳಿನಷ್ಟು ದಪ್ಪ, ಬಿಳಿ ತೊಗಟೆ. "ನಾಳೆಯಿಂದ ಇವಕ್ಕೇ ಕಟ್ಟೋದು ಕಣೋ" ಅಂತ ಮಾತಾಡಿಕೊಂಡೆವು. ಮರುದಿನ ಉದ್ಯಾನದ ಗಡಿ ದಾಟಿ ಏರು ಹತ್ತಿದ್ದೇ ತಡ, ಮರಗಳು ಗಿಡವಾದವು, ಗಿಡಗಳು ಮೊಣಕಾಲೆತ್ತರದ ಪೊದೆಯಾದವು, ಕೊನೆಗೆ ನೆಲಕ್ಕಂಟಿದ ಹಣ್ಣಿನ ಬಳ್ಳಿ, ಕಲ್ಲು, ಕಲ್ಲುಹೂವು. ಅಷ್ಟೆ.

ಇಲ್ಲಿ ನಮ್ಮ ಊರಿನ ಅಂದಾಜು ಕೈಕೊಟ್ಟಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಡಿಕೇರಿ ಇನ್ನೂ ಎತ್ತರ, ಅಲ್ಲಿ ಮರಕ್ಕೇನು ಕಮ್ಮಿ? ಎತ್ತರ ಅಂದರೆ ನಮಗೆ ಕಾಡು ಇನ್ನಷ್ಟು ದಟ್ಟವಾಗುವುದು ಅಂತಲೇ ಅರ್ಥ. ಆದರೆ 68 ಡಿಗ್ರಿ ಉತ್ತರದಲ್ಲಿ ಮರ ನಿಲ್ಲುವ ಗೆರೆ 600-700 ಮೀಟರಿಗೇ ಬಂದುಬಿಡುತ್ತದೆ. ಎರಡನೇ ದಿನದ ಗುಡಿಸಲು ಅಲೆಸ್ಯೌರೆ ಇರುವುದು ಸುಮಾರು 780 ಮೀಟರಲ್ಲಿ, ಬೆಂಗಳೂರಿಗಿಂತ ತಗ್ಗು. ಸುತ್ತ ಒಂದು ಮರ ಕಾಣದು. ಕುಂಗ್ಸ್‌ಲೇಡೆನ್ನಿನ ಅತಿ ಎತ್ತರದ ಜಾಗವಾದ ಚೆಕ್ಚಾ ಕಣಿವೆಬಾಯಿ 1150 ಮೀಟರು, ಹೆಚ್ಚುಕಮ್ಮಿ ನಮ್ಮ ಮಡಿಕೇರಿ. ಅಲ್ಲಿ ಬರೀ ಕಲ್ಲು, ಬೇಸಿಗೆಯಲ್ಲೂ ಹಿಮದ ತುಂಡುಗಳು. ನಕ್ಷೆಯಲ್ಲಿ ಹಸಿರು ಬಣ್ಣ ಎಲ್ಲಿ ಮುಗಿಯುತ್ತದೆ ಅಂತ ಮನೆಯಲ್ಲೇ ನೋಡಬಹುದಿತ್ತು. ನಾವು ನೋಡಿರಲಿಲ್ಲ.

ಅಲೆಸ್ಯೌರೆ ಕೆರೆಯ ದಂಡೆಯಲ್ಲಿ, ಗುಡಿಸಲು ಇನ್ನೂ ಮೂರು ಕಿ.ಮೀ. ಇರುವಾಗ, ಸಂಜೆ ಏಳಕ್ಕೆ ನಿಂತೆವು. ಟೆಂಟಿನವರದು ಹತ್ತು ನಿಮಿಷದಲ್ಲಿ ಮುಗಿಯಿತು. ಹ್ಯಾಮಕ್ಕಿನವರು ನಡಿಗೆಯ ಕೋಲುಗಳನ್ನು ಎರಡು ಕಡೆ ನಿಲ್ಲಿಸಿ, ತುದಿಯಿಂದ ಹಗ್ಗ ಎಳೆದು ಗೂಟ ಹೊಡೆದರು. ಗೂಟ ನಾಲ್ಕು ಬೆರಳು ಇಳಿದು ಕಲ್ಲಿಗೆ ತಾಗಿ ನಿಂತಿತು. ಮೊದಲು ಕೂತವನು ಗೂಟ ಸಮೇತ ನೆಲಕ್ಕೆ ಬಂದ. ಗೂಟಕ್ಕೆ ಕಲ್ಲು ಹೇರಿ ಮತ್ತೆ ಪ್ರಯತ್ನ. ಈ ಸಲ ಕೋಲೇ ಜಾರಿ ಒಂದರೊಳಗೊಂದು ಇಳಿಯಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಫೋಟೋ ಕೂಡ ಇದೆ.

ಕೊನೆಗೆ ಹ್ಯಾಮಕ್ ಎರಡನ್ನೂ ನೆಲಕ್ಕೆ ಹಾಸಿ ಮೇಲೆ ತಾಡಪಾಲು ಕಟ್ಟಿ ಮಲಗಿದೆವು. ಒಬ್ಬನ ಹತ್ತಿರ ಗಾಳಿ ತುಂಬುವ ಮ್ಯಾಟ್ ಇತ್ತು. ಇನ್ನೊಬ್ಬ ತಂದಿದ್ದು ಹ್ಯಾಮಕ್ಕಿನ ಅಡಿಗೆ ತೂಗುಬಿಡುವ ರಜಾಯಿ ಮಾತ್ರ. "ಹ್ಯಾಮಕ್ಕಿಗೆ ಮ್ಯಾಟ್ ಯಾಕೆ" ಅನ್ನುವುದು ಅವನ ವಾದ, ದುಡ್ಡು ಉಳಿಸಿದ್ದು ಒಳಗಿನ ಕಾರಣ. ಮ್ಯಾಟ್ ಇಲ್ಲ ಅಂತ ಅವನು ನಮಗೆ ಹೇಳಲೂ ಇಲ್ಲ. ರಾತ್ರಿ ಗಾಳಿ ಎದ್ದಿತು, ಜೊತೆಗೆ ಸಣ್ಣ ಮಳೆ. ಎರಡು ಗಂಟೆ ಸುಮಾರಿಗೆ ಪಕ್ಕದವನಿಗೆ ಎಚ್ಚರವಾಗಿ "ನಿದ್ದೆ ಬಂತೇನೋ?" ಅಂದರೆ ಉತ್ತರ ತೊದಲು ತೊದಲು. ಟಾರ್ಚ್ ಹಾಕಿ ನೋಡಿದರೆ ಹಲ್ಲು ಕಟಕಟ, ಕೈಬೆರಳಲ್ಲಿ ಸ್ಲೀಪಿಂಗ್ ಬ್ಯಾಗಿನ ಜಿಪ್ ಹಿಡಿಯಲಾಗುತ್ತಿಲ್ಲ. ಬೆನ್ನ ಕೆಳಗೆ ಮುಟ್ಟಿದರೆ ನೆಲ ಮಂಜುಗಡ್ಡೆ.

ಇಬ್ಬರ ಟೆಂಟಿನಲ್ಲಿ ಮೂವರಾದೆವು, ನಾಲ್ಕನೆಯವನು ಬಾಗಿಲಲ್ಲಿ ಕೂತು ಸ್ಟವ್ ನೋಡಿಕೊಂಡ. ಒದ್ದೆ ಕಾಲುಚೀಲ, ಅಂಗಿ ಬಿಚ್ಚಿಸಿ ಒಣಬಟ್ಟೆ ಹಾಕಿಸಿದೆವು. ಎರಡು ಮ್ಯಾಟ್ ಒಂದರ ಮೇಲೊಂದು ಅವನ ಅಡಿಗೆ, ಎರಡು ಬ್ಯಾಗ್ ಮೇಲೆ, ಅಕ್ಕಪಕ್ಕ ನಾವು. ನುಂಗಲು ಆಗುತ್ತದೆ ಅಂತ ಖಾತ್ರಿಯಾದಮೇಲೆ ಸಕ್ಕರೆ ಹಾಕಿದ ಬಿಸಿನೀರು. ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದಲ್ಲಿ ಸುತ್ತಿ ಕಂಕುಳಿಗೆ ಕೊಟ್ಟೆವು. ನಾಲ್ಕರ ಹೊತ್ತಿಗೆ "ಸಾಕು, ಸೆಕೆ" ಅಂತ ಬೈದ. ಆ ಬೈಗುಳದಷ್ಟು ಹಿತವಾದ ಕನ್ನಡ ನಾವು ಈ ದೇಶದಲ್ಲಿ ಕೇಳಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ಮಾತು ತೊದಲುವುದು, ಕೈ ತಡಕಾಡುವುದು, ನಡೆದರೆ ಎಡವುವುದು, ಇವು ಮೈಯ ಬಿಸಿ ಇಳಿಯುತ್ತಿರುವ ಗುರುತು. ನಡುಕ ಇರುವವರೆಗೆ ಮೈ ಹೋರಾಡುತ್ತಿದೆ. ಬಿಸಿಯೇ ತಾಗದೆ ನಡುಕ ನಿಂತು ಮಂಪರು ಬಂದರೆ ಅದು ಗುಣವಾದದ್ದಲ್ಲ, ಅಪಾಯ, 112ಕ್ಕೆ ಹೇಳಬೇಕು. ಈ ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ. ಹಲವು ಗುಡಿಸಲುಗಳಲ್ಲಿ ತುರ್ತು ಫೋನ್ ಇದೆ, ಯಾವುದರಲ್ಲಿ ಅಂತ ಹೊರಡುವ ಮುಂಚೆ ಬರೆದಿಟ್ಟುಕೊಳ್ಳಿ.

ಕೋಲು ಮತ್ತು ಗೂಟದ ಲೆಕ್ಕ

ಗೂಟ ಯಾಕೆ ಕಿತ್ತುಬಂತು? ನಮ್ಮಲ್ಲಿ ಒಬ್ಬ ಸಿವಿಲ್ ಎಂಜಿನಿಯರಿಂಗ್ ಓದುವವ. ಇದನ್ನು ಮೊದಲೇ ಹೇಳಬೇಕಿತ್ತು ಅಂತ ಅವನಿಗೆ ಇವತ್ತಿಗೂ ನಾಚಿಕೆ. ಹ್ಯಾಮಕ್ಕಿನ ಪಟ್ಟಿಯನ್ನು ನೆಲಕ್ಕೆ ಸಮಾಂತರವಾದ ಗೆರೆಯಿಂದ 30 ಡಿಗ್ರಿ ಇಳಿಜಾರಿನಲ್ಲಿ ಕಟ್ಟುವುದು ರೂಢಿ. ಆ ಕೋನದಲ್ಲಿ ಒಂದೊಂದು ಪಟ್ಟಿಯ ಮೇಲೂ ಬೀಳುವ ಎಳೆತ ಮಲಗಿದವನ ಪೂರ್ತಿ ತೂಕದಷ್ಟು, ಅರ್ಧದಷ್ಟಲ್ಲ. 70 ಕಿಲೋ ಮನುಷ್ಯನಾದರೆ ಎಡಕ್ಕೂ 70, ಬಲಕ್ಕೂ 70. ಇನ್ನೂ ಬಿಗಿಯಾಗಿ ಎಳೆದು 10 ಡಿಗ್ರಿಗೆ ತಂದರೆ ಒಂದೊಂದು ಕಡೆ 200 ಕಿಲೋ. ಅಂದರೆ "ಬಿಗಿ ಮಾಡಿದರೆ ನಿಲ್ಲುತ್ತೆ" ಅಂತ ನಾವು ಮಾಡಿದ ಕೆಲಸ ತಿರುವುಮುರುವು.

ಮುಂದಕ್ಕೆ ನೋಡಿ. 30 ಡಿಗ್ರಿಯಲ್ಲಿ ಆ 70 ಕಿಲೋ ಎಳೆತದೊಳಗೆ ಸುಮಾರು 61 ಕಿಲೋ ಅಡ್ಡಕ್ಕೆ, 35 ಕಿಲೋ ಕೆಳಕ್ಕೆ. ಮರವಾದರೆ ಬೇರಿನ ಬಲದಿಂದ ಅಡ್ಡ ಎಳೆತವನ್ನು ತಾನೇ ತಡೆದುಕೊಳ್ಳುತ್ತದೆ. ಕೋಲಿಗೆ ಬೇರಿಲ್ಲ. ಅದರ ಹಿಂದಿನ ಹಗ್ಗ ಆ 61 ಕಿಲೋ ಹೊರಬೇಕು. 45 ಡಿಗ್ರಿಯಲ್ಲಿ ಕಟ್ಟಿದ ಹಗ್ಗಕ್ಕೆ ಅದು 86 ಕಿಲೋ ಎಳೆತವಾಗುತ್ತದೆ. ಬೆರಳುದ್ದ ಮಣ್ಣಿನಲ್ಲಿರುವ ಗೂಟ ಅಷ್ಟನ್ನು ಹಿಡಿಯಬೇಕು. ಮಡಚುವ ಕೋಲಿನ ಮೇಲೆ ಎರಡೂ ಸೇರಿ 96 ಕಿಲೋ ಒತ್ತಡ. ಇದೆಲ್ಲ ಅಲುಗಾಡದೆ ಮಲಗಿದಾಗಿನ ಲೆಕ್ಕ. ದೊಪ್ಪನೆ ಕೂತರೆ ಇನ್ನೂ ಹೆಚ್ಚು.

ಹಾಗಾದರೆ ನಮ್ಮ ಬಯಲುಸೀಮೆಯಲ್ಲಿ ಮರವಿಲ್ಲದ ಹೊಲದ ನಡುವೆ ತಾಯಂದಿರು ಮೂರು ಕೋಲು ನಿಲ್ಲಿಸಿ, ತುದಿ ಸೇರಿಸಿ ಕಟ್ಟಿ, ಅದರಲ್ಲಿ ಜೋಲಿ ಇಳಿಬಿಟ್ಟು ಕೂಸು ಮಲಗಿಸುತ್ತಾರಲ್ಲ, ಅದು ಹೇಗೆ ನಿಲ್ಲುತ್ತದೆ? ಕೂಸು ಹಗುರ ಅನ್ನುವುದು ಅರ್ಧ ಉತ್ತರ. ಸೀರೆಯ ಎರಡೂ ತುದಿ ಒಂದೇ ಕಡೆ ಸೇರಿ ಕಟ್ಟಿದೆ ಅನ್ನುವುದು ಪೂರ್ತಿ ಉತ್ತರ. ಎಡದ ಎಳೆತವನ್ನು ಬಲದ ಎಳೆತ ಅಲ್ಲೇ ಗಂಟಿನಲ್ಲೇ ತಿಂದುಹಾಕುತ್ತದೆ, ಉಳಿಯುವುದು ನೇರ ಕೆಳಗಿನ ಭಾರ ಮಾತ್ರ. ಮೂರು ಕಾಲು ಅದನ್ನು ಸಲೀಸಾಗಿ ನೆಲಕ್ಕೆ ದಾಟಿಸುತ್ತವೆ, ಗೂಟವೇ ಬೇಡ. ಉದ್ದಕ್ಕೆ ಕಾಲು ಚಾಚಿ ಮಲಗುವ ದೊಡ್ಡವರ ಹ್ಯಾಮಕ್ಕಿಗೆ ಈ ಸವಲತ್ತಿಲ್ಲ. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಈ ಜೋಲಿಯಿಂದಲೇ ನಮಗೆ ವಿಷಯ ಚೆನ್ನಾಗಿ ಹತ್ತಿತು ಅಂತ ಒಪ್ಪಿಕೊಳ್ಳುತ್ತೇವೆ.

ದೊಡ್ಡ ಬಂಡೆಗಳಿಗೆ ಪಟ್ಟಿ ಸುತ್ತಿದರೆ? ಆಗುತ್ತದೆ, ಟನ್ ತೂಗುವ ಬಂಡೆ ಎರಡು ಸರಿಯಾದ ದೂರದಲ್ಲಿ ಸಿಕ್ಕಿದರೆ. ಆದರೆ ಬಂಡೆಯ ಅಂಚು ಪಟ್ಟಿಯನ್ನು ಅರಗೊಯ್ಯುತ್ತದೆ, ಕೆಳಗೂ ಕಲ್ಲೇ ಇರುತ್ತದೆ. ನಾವು ಹೇಳುವುದಿಲ್ಲ. ಗುಡಿಸಲಿನ ಕಂಬಕ್ಕೆ ಕೇಳದೆ ಕಟ್ಟುವುದಂತೂ ಬೇಡವೇ ಬೇಡ.

ಎತ್ತಬೇಕಾದ್ದು ಪರದೆಯನ್ನು

ಲೆಕ್ಕ ಇಷ್ಟು ಸ್ಪಷ್ಟವಾದಮೇಲೆ ಉಪಾಯವೂ ಸ್ಪಷ್ಟ. ಮರದ ಗೆರೆ ದಾಟಿದ ಮೇಲೆ ಹ್ಯಾಮಕ್ ಮಂಚವಲ್ಲ, ಚೀಲ. ಮೈಯ ಭಾರ ನೆಲಕ್ಕೇ ಬಿಡಿ; ಕೋಲು, ಹಗ್ಗ, ಗೂಟಗಳಿಗೆ ತಾಡಪಾಲು ಮತ್ತು ಸೊಳ್ಳೆ ಪರದೆಯ ಕೆಲಸ ಮಾತ್ರ ಕೊಡಿ. ಪರದೆಯ ತೂಕ ಕೆಲವು ನೂರು ಗ್ರಾಂ. ನಾಲ್ಕು ಬೆರಳು ಇಳಿದ ಗೂಟ ಅದನ್ನು ಆರಾಮಾಗಿ ಹಿಡಿಯುತ್ತದೆ.

ಮೊದಲು ಜಾಗ. ಕಣಿವೆಯ ತೀರಾ ತಳದಲ್ಲಿ ಬೇಡ, ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಹರಿದುಬಂದು ಅಲ್ಲೇ ನಿಲ್ಲುತ್ತದೆ. ಕೆಲವೇ ಮೀಟರ್ ಮೇಲೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ. ನೆತ್ತಿಯ ಮೇಲೂ ಬೇಡ, ಅಲ್ಲಿ ಗಾಳಿ. ಮೆತ್ತಗಿದೆ ಅಂತ ಪಾಚಿಯ ಮೇಲೆ ಮಲಗಿದರೆ ಒಳಗೆ ನೀರು ತುಂಬಿರುತ್ತದೆ, ಅಂಗೈ ಒತ್ತಿ ನೋಡಿ. ನಮಗೆ ಹಿಡಿಸಿದ್ದು ಒಣ ಇಳಿಜಾರಿನ ಕುರುಚಲು ಹಾಸು, ಬೆನ್ನಿಗೊಂದು ಮನೆಯಷ್ಟು ದೊಡ್ಡ ಬಂಡೆ.

ತಾಡಪಾಲು ತಗ್ಗಾಗಿ ಇರಲಿ. ಮರಕ್ಕೆ ಕಟ್ಟುವಾಗಿನ ಎತ್ತರ ಇಲ್ಲಿ ಹಾಯಿಯಾಗುತ್ತದೆ. ತಲೆಯ ಕಡೆಯ ಕೋಲು ಒಂದು ಮೀಟರು, ಕಾಲಿನ ಕಡೆಯದು ಅದಕ್ಕೂ ಕಮ್ಮಿ. ಕಾಲಿನ ತುದಿ ಗಾಳಿ ಬರುವ ದಿಕ್ಕಿಗೆ. ಗಾಳಿಯ ಕಡೆಯ ಮೂಲೆಗಳನ್ನು ಮೊದಲು ಭದ್ರ ಮಾಡಿ, ಆಮೇಲೆ ಕೋಲು ಎತ್ತಿ. ಗೂಟ ಇಳಿಯದ ಕಡೆ ಹಗ್ಗವನ್ನು ಸಣ್ಣ ಕಲ್ಲಿಗೆ ಸುತ್ತಿ, ಅದರ ಮುಂದೆ ದೊಡ್ಡ ಕಲ್ಲು ಅಡ್ಡ ಇಡಿ. ಎಳೆದಷ್ಟೂ ಸಣ್ಣದು ದೊಡ್ಡದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಬೆಳಿಗ್ಗೆ ಕಲ್ಲುಗಳನ್ನು ಎತ್ತಿಕೊಂಡ ಜಾಗಕ್ಕೇ ವಾಪಸ್ ಇಡಿ, ಅಡಿಯಲ್ಲಿ ಇನ್ನೊಂದು ಲೋಕ ಇರುತ್ತದೆ.

ಗಾಳಿಯನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. 1978ರ ಫೆಬ್ರವರಿಯಲ್ಲಿ ಯೆಮ್ಟ್‌ಲ್ಯಾಂಡಿನ ಅನಾರಿಸ್ ಬೆಟ್ಟಗಳಲ್ಲಿ ಬಿರುಗಾಳಿಗೆ ಸಿಕ್ಕಿದ ಒಂಬತ್ತು ಸ್ಕೀ ಪಯಣಿಗರಲ್ಲಿ ಎಂಟು ಮಂದಿ ಸತ್ತರು. ಅದು ಚಳಿಗಾಲದ ಮಾತು, ನಮ್ಮದು ಆಗಸ್ಟ್, ಹೋಲಿಕೆ ಬೇಡ ಅನ್ನಬಹುದು. ಆದರೆ ಸ್ವೀಡಿಶ್ ಗೆಳೆಯರು ಬೆಟ್ಟಕ್ಕೆ ಹೋಗುವಾಗ ಥರ್ಮಾಮೀಟರಿಗಿಂತ ಮೊದಲು ಗಾಳಿಯ ವೇಗ ಯಾಕೆ ಕೇಳುತ್ತಾರೆ ಅನ್ನುವುದು ನಮಗೆ ಆ ಕಥೆ ಕೇಳಿದ ಮೇಲೆ ಅರ್ಥವಾಯಿತು.

ಇನ್ನು ಹಾಸಿಗೆ. ನಮ್ಮ ಗೆಳೆಯ ನಡುಗಿದ್ದು ಇದೇ ಜಾಗದಲ್ಲಿ. ಹ್ಯಾಮಕ್ ತೂಗಾಡುವಾಗ ಬಿಸಿ ಕದಿಯುವುದು ಅಡಿಯಲ್ಲಿ ಹಾಯುವ ಗಾಳಿ. ಅದಕ್ಕೇ ಅಡಿರಜಾಯಿ, ಅದು ಉಬ್ಬಿಕೊಂಡು ತನ್ನೊಳಗೆ ಗಾಳಿ ಹಿಡಿದಿಟ್ಟರೆ ಮಾತ್ರ ಬೆಚ್ಚಗೆ. ನೆಲಕ್ಕೆ ಹಾಸಿ ಅದರ ಮೇಲೆ ಮಲಗಿದರೆ ಅಪ್ಪಚ್ಚಿಯಾಗಿ ಬಟ್ಟೆಯಷ್ಟೇ ಆಗುತ್ತದೆ. ಸ್ಲೀಪಿಂಗ್ ಬ್ಯಾಗಿನ ಬೆನ್ನಿನ ಭಾಗಕ್ಕೂ ಇದೇ ಗತಿ. ಕೆಳಗಿನ ನೆಲ ಮೈಬಿಸಿಯನ್ನು ಬೆಳಗಿನವರೆಗೆ ಹೀರುತ್ತಲೇ ಇರುತ್ತದೆ. ಒತ್ತಿದರೂ ಚಪ್ಪಟೆಯಾಗದ ಏನಾದರೂ ಅಡಿಯಲ್ಲಿ ಇರಲೇಬೇಕು. ಮ್ಯಾಟುಗಳ ಮೇಲೆ 'ಆರ್' ಅಂಕಿ ಬರೆದಿರುತ್ತದೆ, ಚಳಿ ತಡೆಯುವ ಅಳತೆ ಅದು. ಸಾದಾ ಫೋಮ್ ಮ್ಯಾಟಿಗೆ ಸುಮಾರು 2, ಗಾಳಿ ತುಂಬುವ ಒಳ್ಳೆಯವಕ್ಕೆ 4ರ ಮೇಲೆ. ಒಂದರ ಮೇಲೊಂದು ಹಾಕಿದರೆ ಅಂಕಿ ಕೂಡಿಕೊಳ್ಳುತ್ತದೆ. ಫೋಮಿನದು ಅಗ್ಗ, ಮುಳ್ಳು ಚುಚ್ಚಿದರೂ ಕೆಡದು. ಎರಡರಲ್ಲಿ ಒಂದೇ ತರುವುದಾದರೆ ನಮ್ಮ ಮತ ಅದಕ್ಕೇ.

ನೆಲದ ಮೇಲೆ ಮೊದಲು ತೆಳು ಪ್ಲಾಸ್ಟಿಕ್ ಹಾಳೆ, ಯಾಕೆಂದರೆ ಹ್ಯಾಮಕ್ ಬಟ್ಟೆ ನೀರು ತಡೆಯುವುದಿಲ್ಲ, ಕಲ್ಲಿಗೆ ಹರಿಯಲೂ ಬಹುದು. ಅದರ ಮೇಲೆ ಹ್ಯಾಮಕ್. ಎರಡು ಪದರದ್ದಾದರೆ ಮ್ಯಾಟನ್ನು ಪದರದ ನಡುವೆ ತೂರಿಸಿ, ರಾತ್ರಿ ಜಾರದು. ಒಂದೇ ಪದರದ್ದಾದರೆ ಒಳಗೆ ಹಾಸಿ. ಹ್ಯಾಮಕ್ಕಿನ ಮೇಲಿನ ದಾರವನ್ನು ತಾಡಪಾಲಿನ ಅದೇ ಎರಡು ಕೋಲಿಗೆ ಸ್ವಲ್ಪ ತಗ್ಗಿನಲ್ಲಿ ಕಟ್ಟಿದರೆ ಪರದೆ ಮುಖದಿಂದ ಮೇಲೆದ್ದು ನಿಲ್ಲುತ್ತದೆ. ಜುಲೈನಲ್ಲಿ ಹೋಗುವವರಿಗೆ ಈ ಒಂದು ಸಾಲು ಸಾಕು ನಮ್ಮನ್ನು ನೆನೆಯಲು, ಅಲ್ಲಿನ ಸೊಳ್ಳೆಗಳ ಮುಂದೆ ನಮ್ಮ ಕರಾವಳಿಯವು ಸಭ್ಯಸ್ಥರು. ಕೆಲಸ ಕಳೆದುಕೊಂಡ ಅಡಿರಜಾಯಿಯನ್ನು ಮೈಮೇಲೆ ಹೊದ್ದುಕೊಳ್ಳಿ.

ಮ್ಯಾಟ್ ಇಲ್ಲದೆ ಸಿಕ್ಕಿಹಾಕಿಕೊಂಡರೆ? ಖಾಲಿ ಬೆನ್ನುಚೀಲವನ್ನು ಸೊಂಟ, ಬೆನ್ನಿನ ಅಡಿಗೆ ಹಾಕಿ, ಅದರ ಬೆನ್ನಿನಲ್ಲಿ ಫೋಮ್ ಇರುತ್ತದೆ. ಕಾಲಿನ ಅಡಿಗೆ ಹಗ್ಗದ ಸುರುಳಿ, ಉಳಿದ ಬಟ್ಟೆ. ಮತ್ತು ಜೊತೆಯವರಿಗೆ ಹೇಳಿ. ನಮ್ಮವನು ಹೇಳಿದ್ದರೆ ಟೆಂಟಿನಲ್ಲಿ ಸಂಜೆಯೇ ಜಾಗ ಮಾಡುತ್ತಿದ್ದೆವು, ಇಷ್ಟೇ ಅವನ ಮೇಲಿನ ನಮ್ಮ ದೂರು.

ನಮ್ಮ ಕುರಿಗಾಹಿಗಳಿಗೆ ಇದನ್ನೆಲ್ಲ ಯಾರೂ ಅಂಕಿಯಲ್ಲಿ ಹೇಳಿಕೊಡಲಿಲ್ಲ. ಬಯಲಿನಲ್ಲಿ ಮಂದೆಯ ಪಕ್ಕ ಮಲಗುವವರು ಕರಿಕಂಬಳಿಯನ್ನು ಮೇಲೆ ಹೊದೆಯುವುದರ ಜೊತೆಗೆ ಅಡಿಗೂ ಹಾಸುತ್ತಾರೆ. ಮಳೆ ಬಂದರೆ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ. ಉಣ್ಣೆ ಒದ್ದೆಯಾದರೂ ಬಿಸಿ ಬಿಟ್ಟುಕೊಡುವುದಿಲ್ಲ. ಒಂದೇ ಸಾಮಾನು, ಹಾಸಲೂ ಹೊದೆಯಲೂ ಮಳೆಗೂ.

ಕಾನೂನಿನ ವಿಷಯ ಚಿಕ್ಕದಾಗಿ. ಸ್ವೀಡನ್ನಿನಲ್ಲಿ ಅಲ್ಲೆಮಾನ್ಸ್‌ರೆಟ್ಟೆನ್ ಅಂತ ಎಲ್ಲರಿಗೂ ಇರುವ ಹಕ್ಕಿದೆ; ಪರರ ನೆಲದಲ್ಲೂ, ಮನೆಗಳಿಂದ ದೂರದಲ್ಲಿ, ಒಂದೆರಡು ರಾತ್ರಿ ತಂಗಬಹುದು. 1994ರಿಂದ ಸಂವಿಧಾನದಲ್ಲೂ ಅದರ ಮಾತಿದೆ. ತೊಂದರೆ ಕೊಡಬೇಡಿ, ಹಾಳು ಮಾಡಬೇಡಿ, ಇವೆರಡೇ ಅದರ ಷರತ್ತಿನ ಸಾರ. ರಾಷ್ಟ್ರೀಯ ಉದ್ಯಾನ, ರಕ್ಷಿತ ಪ್ರದೇಶಗಳಲ್ಲಿ ಬೇರೆ ನಿಯಮ, ಬಾಗಿಲಲ್ಲಿರುವ ಫಲಕ ಓದಿ. ದಾರಿಯ ಸಣ್ಣ ಗಾಳಿಮರೆಗಳು ಊಟಕ್ಕೆ, ವಿಶ್ರಾಂತಿಗೆ. ರಾತ್ರಿ ಮಲಗುವುದು ತುರ್ತಿದ್ದಾಗ ಮಾತ್ರ. ಈ ಬೆಟ್ಟಗಳು ಸಾಮಿ ಜನರ ಹಿಮಸಾರಂಗಗಳು ಮೇಯುವ ನೆಲ. ಹಿಂಡು ಕಂಡರೆ ಕೂತುಬಿಡಿ, ಹೋಗಲಿ ಬಿಡಿ, ಫೋಟೋಗೆ ಓಡಬೇಡಿ.

ಉತ್ತರಕ್ಕೆ ಹೋಗುವ ಮುಂಚೆ ಒಂದು ರಾತ್ರಿ ಊರ ಹತ್ತಿರದ ಬಯಲಲ್ಲಿ ಅಭ್ಯಾಸ ಮಾಡಿ, ಮಳೆ ಇರುವ ರಾತ್ರಿಯಾದರೆ ಇನ್ನೂ ಒಳ್ಳೆಯದು. ಮರವಿಲ್ಲದ ನೆಲ ದಕ್ಷಿಣದಲ್ಲೂ ಇದೆ. ಎಲಾಂಡ್ ದ್ವೀಪದ ಸ್ಟೂರಾ ಆಲ್ವಾರೆಟ್‌ನಲ್ಲಿ ಸುಣ್ಣಕಲ್ಲಿನ ಮೇಲೆ ಕೆಲವು ಬೆರಳಷ್ಟೇ ಮಣ್ಣು. ಅಲ್ಲಿ ಬಿಡಾರಕ್ಕೆ ಕಟ್ಟುಪಾಡುಗಳಿವೆ, ಆದರೆ ಹಗಲು ಹೋಗಿ ನೋಡಿದರೂ ಗೂಟ ಯಾಕೆ ನಿಲ್ಲದು ಅಂತ ಕಣ್ಣಿಗೆ ಕಾಣುತ್ತದೆ.

ನಮ್ಮ ಕಥೆ ಅರ್ಧಕ್ಕೆ ನಿಂತಿತು. ಆ ಬೆಳಿಗ್ಗೆ ಅಲೆಸ್ಯೌರೆ ಗುಡಿಸಲಿಗೆ ಹೋದಾಗ ಅಲ್ಲಿನ ಮೇಲ್ವಿಚಾರಕಿ, ಸುಮಾರು ಎಪ್ಪತ್ತು ವರ್ಷದ ಅಜ್ಜಿ, ನಮ್ಮ ಮಾತು ಕೇಳಿ ಏನೂ ಬೈಯಲಿಲ್ಲ. ಒಳಗೆ ಹೋಗಿ ಯಾರೋ ಬಿಟ್ಟುಹೋಗಿದ್ದ ಹಸಿರು ಫೋಮ್ ಮ್ಯಾಟ್ ಒಂದನ್ನು ತಂದು ಗೆಳೆಯನ ಕೈಗೆ ಕೊಟ್ಟರು. ಒಂದು ಮೂಲೆ ಸುಟ್ಟಿತ್ತು. ಮುಂದೆ ಚೆಕ್ಚಾ ದಾಟಿ, ಸೆಲ್ಕಾ ಕಣಿವೆಯಲ್ಲಿ, ಮೇಲೆ ಬರೆದ ಹಾಗೆಯೇ ನೆಲಕ್ಕೆ ಹಾಸಿ ಮಲಗಿದೆವು. ಮತ್ತೆ ಗಾಳಿ, ಮತ್ತೆ ಮಳೆ. ಅವನು ಬೆಳಿಗ್ಗೆ ಒಂಬತ್ತಾದರೂ ಏಳಲಿಲ್ಲ, ಗೊರಕೆ.

ಆ ಹಸಿರು ಮ್ಯಾಟ್ ಈಗ ನಮ್ಮ ಸಂಘದ ಕಪಾಟಿನಲ್ಲಿದೆ, ಕೇರಂ ಬೋರ್ಡಿನ ಹಿಂದೆ, ಪಕ್ಕದಲ್ಲಿ ನಾವು ಕೊಂಡ ಇನ್ನೊಂದು. ಬೆಟ್ಟಕ್ಕೆ ಹೋಗುವವರು ಯಾರಾದರೂ ತೆಗೆದುಕೊಂಡು ಹೋಗಬಹುದು. ಒಣಗಿಸಿ ತಂದಿಡಿ.